ಮಣಿಕರಣ: ಬುಗ್ಗೆ ಕುದಿಯುತ್ತಿದೆ, ನದಿ ಸುರಂಗ ಸೇರಿದೆ

ಬೇಸಿಗೆ ರಜೆ ಬಂತೆಂದರೆ ಕರ್ನಾಟಕದಿಂದ ಕುಲು-ಮನಾಲಿಯತ್ತ ಹೊರಡುವ ಕುಟುಂಬಗಳಿಗೆ ಹಿಮದಷ್ಟೇ ದೊಡ್ಡ ಆಕರ್ಷಣೆ ಮಣಿಕರಣದ ಬಿಸಿನೀರಿನ ಬುಗ್ಗೆ. ಬುಗ್ಗೆಯಲ್ಲಿ ಸ್ನಾನ, ಗುರುದ್ವಾರದಲ್ಲಿ ಊಟ, ಪಾರ್ವತಿ ನದಿಯ ದಡದಲ್ಲಿ ಛಾಯಾಚಿತ್ರ - ಇಷ್ಟಾದರೆ ಯಾತ್ರೆ ಸಂಪನ್ನವಾದಂತೆ. ಆದರೆ ಆ ಛಾಯಾಚಿತ್ರದಲ್ಲಿ ಕಾಣುವ ನದಿ ಇಂದು ಹಿಂದಿನಂತೆ ತನ್ನಿಚ್ಛೆಯಂತೆ ಹರಿಯುವ ನದಿಯಲ್ಲ. ಈ ಸಂಗತಿ ಪ್ರವಾಸಿಗನಿಗೆ ತಿಳಿದಿರಬೇಕಾದುದು ಕೇವಲ ಕುತೂಹಲಕ್ಕಾಗಿ ಅಲ್ಲ, ಅವನ ಪ್ರಾಣರಕ್ಷಣೆಗಾಗಿ.

ಭೂಮಿಯೊಳಗಿನ ಒಲೆ

ಹಿಮಾಚಲ ಪ್ರದೇಶದ ಕುಲು ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿ ಮಣಿಕರಣವಿದೆ. ನಮ್ಮ ಪುತ್ತೂರು ತಾಲ್ಲೂಕಿನ ಬೆಂದ್ರು ತೀರ್ಥದ ನೀರು ಮೈಗೆ ಹಿತವಾದ ಬೆಚ್ಚಗಿನದು. ಮಣಿಕರಣದ್ದಾದರೋ 90 ಡಿಗ್ರಿ ಸೆಲ್ಸಿಯಸ್ ಮೀರುವ ಕುದಿನೀರು. ಬಟ್ಟೆಯಲ್ಲಿ ಕಟ್ಟಿದ ಅಕ್ಕಿ ಅದರಲ್ಲಿ ಅನ್ನವಾಗುತ್ತದೆ. ಕೆಲವೇ ಮಾರು ದೂರದಲ್ಲಿ ಹಿಮ ಕರಗಿದ ಪಾರ್ವತಿಯ ನೀರು ಕೈ ಮರಗಟ್ಟುವಷ್ಟು ತಣ್ಣಗೆ ಹರಿಯುತ್ತದೆ.

ಈ ಬಿಸಿಗೆ ಜ್ವಾಲಾಮುಖಿ ಕಾರಣವಲ್ಲ. ಮಳೆ ಮತ್ತು ಹಿಮದ ನೀರು ಬಂಡೆಗಳ ಬಿರುಕುಗಳ ಮೂಲಕ ಆಳಕ್ಕಿಳಿದು, ಅಲ್ಲಿನ ಶಾಖದಿಂದ ಕಾದು, ಮತ್ತೆ ಬಿರುಕುಗಳ ಹಾದಿಯಲ್ಲೇ ಮೇಲೇರುತ್ತದೆ. ಮೇಲ್ಮೈಗೆ ಸಮೀಪಿಸಿದಂತೆ ತಣ್ಣನೆಯ ಅಂತರ್ಜಲವೂ ಅದರೊಡನೆ ಬೆರೆಯುತ್ತದೆ. ಅಂದರೆ ಪ್ರವಾಸಿಗನ ಕಣ್ಣಿಗೆ ಎರಡು ಪ್ರತ್ಯೇಕ ನೋಟಗಳಾಗಿ ತೋರುವ ಬುಗ್ಗೆಗೂ ನದಿಗೂ ಮೂಲ ಒಂದೇ: ಆ ಪರ್ವತದ ಮೇಲೆ ಬಿದ್ದ ನೀರು.

ನೀರು ಹೋದದ್ದೆಲ್ಲಿಗೆ?

ಮಣಿಕರಣದಿಂದ ಮೇಲಕ್ಕೆ, ಖೀರಗಂಗಾದ ಬಿಸಿನೀರಿನ ಕುಂಡಕ್ಕೆ ಚಾರಣ ಆರಂಭವಾಗುವ ಬರ್ಶೇಣಿಯ ಬಳಿ ಪಾರ್ವತಿಗೆ ಅಣೆಕಟ್ಟು ಕಟ್ಟಲಾಗಿದೆ. ಇದು ಎನ್‌ಎಚ್‌ಪಿಸಿಯ 800 ಮೆಗಾವಾಟ್ ಸಾಮರ್ಥ್ಯದ ಪಾರ್ವತಿ ಎರಡನೇ ಹಂತದ ಯೋಜನೆ. 1999ರಲ್ಲಿ ಶಂಕುಸ್ಥಾಪನೆಗೊಂಡ ಈ ಯೋಜನೆ ಪೂರ್ಣವಾಗಿ ಕಾರ್ಯಾರಂಭ ಮಾಡಿದ್ದು 2025ರ ಏಪ್ರಿಲ್‌ನಲ್ಲಿ. ಇಲ್ಲಿ ತಡೆದ ನೀರು ಸುಮಾರು 31.5 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹರಿದು, ಪಕ್ಕದ ಸೈಂಜ್ ಕಣಿವೆಯ ವಿದ್ಯುದಾಗಾರವನ್ನು ಸೇರುತ್ತದೆ. ಅಲ್ಲಿಂದ 520 ಮೆಗಾವಾಟ್‌ನ ಮೂರನೇ ಹಂತಕ್ಕೆ ಒದಗಿ, ಕೊನೆಗೆ ಲಾರ್ಜಿಯ ಸಮೀಪ ಬಿಯಾಸ್ ನದಿಗೆ ಕೂಡುತ್ತದೆ.

ಹೀಗೆ ತಿರುಗಿಸಿದ ನೀರು ಮಣಿಕರಣದ ಮುಂದೆ ಹಾಯುವುದೇ ಇಲ್ಲ. ಅಣೆಕಟ್ಟೆಯಿಂದ ಕೆಳಕ್ಕೆ, ಭುಂತರ್‌ನಲ್ಲಿ ಬಿಯಾಸ್ ಸೇರುವವರೆಗೆ, ಪಾರ್ವತಿಗೆ ಉಳಿಯುವುದು ಬಿಟ್ಟುಕೊಟ್ಟ ನೀರು ಹಾಗೂ ಉಪನದಿ-ತೊರೆಗಳ ನೀರು. ನದಿಗಳಲ್ಲಿ ಕೊರತೆಯ ಕಾಲದ ಸರಾಸರಿ ಹರಿವಿನ ಶೇ. 15ರಿಂದ 20ರಷ್ಟನ್ನಾದರೂ ಉಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಸೂಚಿಸಿತ್ತು. ಉಳಿಸಬೇಕಾದದ್ದು ಇಷ್ಟು ಎಂದ ಮೇಲೆ, ಒಯ್ಯಬಹುದಾದದ್ದು ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ತತ್ತಾಪಾನಿಯ ಪಾಠ

ನದಿಯ ನೀರು ಕಡಿಮೆಯಾಗುವುದು ಒಂದು ಬಗೆಯಾದರೆ, ಹೆಚ್ಚಾಗಿ ನಿಲ್ಲುವುದು ಇನ್ನೊಂದು ಬಗೆ. ಶಿಮ್ಲಾದಿಂದ ಐವತ್ತು ಕಿಲೋಮೀಟರ್‌ಗೂ ತುಸು ದೂರದಲ್ಲಿ, ಸಟ್ಲೆಜ್ ದಡದ ತತ್ತಾಪಾನಿ ಮಕರ ಸಂಕ್ರಾಂತಿಯ ಸ್ನಾನಕ್ಕೆ ಹೆಸರಾದ ಊರು. ನದಿಯ ಮರಳಿನ ಅಂಚಿನಲ್ಲೇ ಉಕ್ಕುತ್ತಿದ್ದ ಇಲ್ಲಿನ ಬುಗ್ಗೆಗಳು 800 ಮೆಗಾವಾಟ್‌ನ ಕೋಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದವು. ಬಳಿಕ ದಡದ ಮೇಲೆ ಕೊಳವೆ ಕೊರೆದು ಬಿಸಿನೀರನ್ನು ಮೇಲೆ ತರಲಾಯಿತು. ಭಕ್ತರಿಗೆ ಸ್ನಾನ ತಪ್ಪಲಿಲ್ಲ ನಿಜ; ಆದರೆ ತಾನಾಗಿ ಉಕ್ಕುತ್ತಿದ್ದ ತೀರ್ಥ ಕೊಳವೆಯ ನೀರಾಯಿತು, ಹರಿಯುತ್ತಿದ್ದ ಸಟ್ಲೆಜ್ ಅಲ್ಲಿ ಸರೋವರವಾಯಿತು.

ಶಾಂತ ನದಿಯ ಅಪಾಯ

ಅಣೆಕಟ್ಟೆಯ ಕೆಳಗಿನ ನದಿ ಬಡವಾಗಿ, ಬಂಡೆಗಳನ್ನು ಒಣಗಲು ಬಿಟ್ಟು ಹರಿಯುವಾಗ ನೋಡುವವರಿಗೆ ನಿರಪಾಯಕಾರಿಯೆನಿಸುತ್ತದೆ. ಈ ಭ್ರಮೆಯ ಬೆಲೆಯೇನೆಂಬುದನ್ನು 2014ರ ಜೂನ್ 8ರ ಸಂಜೆ ದೇಶ ಕಂಡಿತು. ಮಂಡಿ ಜಿಲ್ಲೆಯ ಥಲೌಟ್ ಬಳಿ ಬಿಯಾಸ್‌ಗೆ ಇಳಿದಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಲಾರ್ಜಿ ಅಣೆಕಟ್ಟೆಯಿಂದ ಹಠಾತ್ತನೆ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಅವರೊಂದಿಗಿದ್ದ ಪ್ರವಾಸ ಸಂಯೋಜಕನೂ ಉಳಿಯಲಿಲ್ಲ. ಪ್ರತಿ ಕುಟುಂಬಕ್ಕೆ 20 ಲಕ್ಷ ರೂಪಾಯಿ ಪರಿಹಾರ ನೀಡುವಂತೆ 2016ರಲ್ಲಿ ಆದೇಶಿಸಿದ ಹಿಮಾಚಲ ಹೈಕೋರ್ಟ್, ವಿದ್ಯುತ್ ಮಂಡಳಿಯ ಜೊತೆಗೆ ಕಾಲೇಜು ಮತ್ತು ರಾಜ್ಯ ಸರಕಾರದ ಮೇಲೂ ಹೊಣೆ ಹೊರಿಸಿತು.

ಪಾರ್ವತಿ ಕಣಿವೆಯ ಇತ್ತೀಚಿನ ಚರಿತ್ರೆಯೂ ಸಮಾಧಾನ ತರುವಂತಿಲ್ಲ. 2015ರಲ್ಲಿ ಮಣಿಕರಣದ ಗುರುದ್ವಾರದ ಕಟ್ಟಡದ ಮೇಲೆ ಬಂಡೆ ಉರುಳಿ ಯಾತ್ರಿಕರು ಸತ್ತರು. 2022ರ ಜುಲೈನಲ್ಲಿ ಚೋಜ್ ಗ್ರಾಮದ ಬಳಿ ಮೇಘಸ್ಫೋಟಕ್ಕೆ ಸಿಲುಕಿ ನದಿದಡದ ಡೇರೆಗಳು ಕೊಚ್ಚಿಹೋದವು. 2023ರ ಜುಲೈ ನೆರೆಯಲ್ಲಿ ಸಾವಿರಾರು ಪ್ರವಾಸಿಗರು ಕಸೋಲ್ ಸುತ್ತಮುತ್ತ ಸಿಕ್ಕಿಬಿದ್ದರು. 2025ರ ಮಾರ್ಚ್ 30ರಂದು ಗುರುದ್ವಾರದ ಸಮೀಪ ಮರ ಉರುಳಿ ಆರು ಮಂದಿ ಅಸುನೀಗಿದರು. ಇವೆಲ್ಲಕ್ಕೂ ಅಣೆಕಟ್ಟೇ ಕಾರಣವೆನ್ನುವುದು ತಪ್ಪಾದೀತು. ಆದರೆ ಇಕ್ಕಟ್ಟಾದ, ಕುಸಿಯುವ ಸ್ವಭಾವದ ಕಣಿವೆಯೊಂದರಲ್ಲಿ ಜನಸಂದಣಿಯೂ ಕಾಮಗಾರಿಯೂ ಒಟ್ಟಿಗೇ ಹೆಚ್ಚಿದರೆ ತಪ್ಪಿಗೆ ಎಡೆ ಕಡಿಮೆಯಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಯಾರ ಹೊಣೆ?

ಜಲವಿದ್ಯುತ್ತಿನ ಪರವಾದ ವಾದವನ್ನೂ ತಳ್ಳಿಹಾಕಲಾಗದು. ಕಲ್ಲಿದ್ದಲು ಸುಡದೆ ವಿದ್ಯುತ್ ದೊರೆಯುತ್ತದೆ. ಬೇರೆ ದೊಡ್ಡ ಆದಾಯವಿಲ್ಲದ ಗುಡ್ಡಗಾಡು ರಾಜ್ಯಕ್ಕೆ ಉಚಿತ ವಿದ್ಯುತ್ತಿನ ಪಾಲು ಸಿಗುತ್ತದೆ. ಆದರೆ ಅದೇ ರಾಜ್ಯ ಅದೇ ನದಿಗಳನ್ನು ತೋರಿಸಿ ಪ್ರವಾಸಿಗರನ್ನೂ ಕರೆಯುತ್ತಿದೆ. ಎರಡೂ ಕೈಯಲ್ಲಿ ಲಾಭ ಪಡೆಯುವವರು ನೀರು ಬಿಡುವ ವೇಳೆ, ಇಳಿಯಬಾರದ ಜಾಗ, ಉಳಿಸಿರುವ ಹರಿವಿನ ಪ್ರಮಾಣ - ಇವನ್ನು ಬಂದವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಔದಾರ್ಯವಲ್ಲ, ಕರ್ತವ್ಯ. ಹಿಂದಿ ಓದಲು ಬಾರದ ದಕ್ಷಿಣದ ಪ್ರವಾಸಿಗನಿಗೆ ಹಿಂದಿಯ ಫಲಕ ಇದ್ದೂ ಇಲ್ಲದಂತೆ.

ಇತ್ತ ಬೆಂಗಳೂರು, ಹುಬ್ಬಳ್ಳಿಗಳಿಂದ ತಂಡಗಳನ್ನು ಒಯ್ಯುವ ಸಂಸ್ಥೆಗಳೂ ಹೈಕೋರ್ಟ್ ತೀರ್ಪಿನ ಸಂದೇಶವನ್ನು ಮರೆಯಬಾರದು: ಕರೆದೊಯ್ದವನಿಗೂ ಹೊಣೆಯಿದೆ. ಮಣಿಕರಣದಲ್ಲಿ ಕುದಿಯುವ ಬುಗ್ಗೆಗೆ ಯಾರೂ ಕೈಯಿಡುವುದಿಲ್ಲ, ಅದರ ಹಬೆಯೇ ಎಚ್ಚರಿಸುತ್ತದೆ. ಪಕ್ಕದ ತಣ್ಣನೆಯ ನದಿಗೆ ಆ ಹಬೆಯಿಲ್ಲ. ಎಚ್ಚರಿಕೆಯನ್ನು ಮನುಷ್ಯರೇ ನೀಡಬೇಕಾಗಿದೆ.