ಪುಸ್ತಕ ಪರಿಚಯ: ಮುಖವಾಡದ ಮನುಷ್ಯ

ಚಿತ್ರಕಥೆಯೆಂದೊಡನೆ ಅದು ಮಕ್ಕಳ ಓದೆಂದು ಬಗೆದು ಪಕ್ಕಕ್ಕಿಡುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ‘ಅಮರ ಚಿತ್ರಕಥೆ’ ಓದಿ ಬೆಳೆದವರಿಗೆ ಹಾಗೆನಿಸುವುದು ಸಹಜವೂ ಹೌದು. ಆದರೆ ಪ್ರಾಯಕ್ಕೆ ಬಂದವರಿಗಾಗಿಯೇ ರಚಿತವಾದ ಚಿತ್ರಕಾದಂಬರಿಗಳೂ ಇವೆ. ಅವುಗಳಲ್ಲಿ ಮೊದಲು ಯಾವುದನ್ನು ಓದಬೇಕೆಂದು ಕೇಳುವವರಿಗೆ ನಾವು ಸೂಚಿಸುವುದು ಆಂಗ್ಲ ಭಾಷೆಯ ‘ವಿ ಫಾರ್ ವೆಂಡೆಟಾ’. ವೆಂಡೆಟಾ ಎಂದರೆ ಹಗೆ ತೀರಿಸಿಕೊಳ್ಳುವುದು.

ಬರೆದವರು ಇಂಗ್ಲೆಂಡಿನ ಆಲನ್ ಮೂರ್, ಚಿತ್ರಿಸಿದವರು ಡೇವಿಡ್ ಲಾಯ್ಡ್. 1982ರಲ್ಲಿ ‘ವಾರಿಯರ್’ ಪತ್ರಿಕೆಯಲ್ಲಿ ಕಪ್ಪು-ಬಿಳುಪಿನಲ್ಲಿ ಆರಂಭವಾದ ಕಥೆ, 1985ರಲ್ಲಿ ಪತ್ರಿಕೆಯೇ ನಿಂತುದರಿಂದ ಅರ್ಧದಲ್ಲಿ ಉಳಿಯಿತು. ಮುಂದೆ 1988-89ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆ ಬಣ್ಣಗೂಡಿಸಿ ಹತ್ತು ಸಂಚಿಕೆಗಳಲ್ಲಿ ಅದನ್ನು ಪೂರ್ಣಗೊಳಿಸಿತು.

ಕಥೆ ನಡೆಯುವುದು 1997ರ ಇಂಗ್ಲೆಂಡಿನಲ್ಲಿ. ಬರೆದ ಕಾಲಕ್ಕೆ ಅದು ಭವಿಷ್ಯ. ಅಣುಯುದ್ಧದಿಂದ ಕಂಗೆಟ್ಟ ಜನರನ್ನು ಒಂದೇ ಪಕ್ಷ ಆಳುತ್ತಿದೆ. ಅದರ ಇಲಾಖೆಗಳ ಹೆಸರುಗಳನ್ನು ಕೇಳಿ: ಕಣ್ಣು, ಕಿವಿ, ಮೂಗು, ಬಾಯಿ, ಬೆರಳು. ಕಣ್ಣು ಬೀದಿಬೀದಿಯನ್ನು ನೋಡುತ್ತದೆ, ಕಿವಿ ಮನೆಮಾತನ್ನು ಆಲಿಸುತ್ತದೆ, ಬಾಯಿ ಬಾನುಲಿಯಲ್ಲಿ ನುಡಿಯುತ್ತದೆ. ಬೇರೆ ಜನಾಂಗದವರು, ಬೇರೆ ರೀತಿ ಬದುಕುವವರು ಶಿಬಿರಗಳಲ್ಲಿ ಕಣ್ಮರೆಯಾಗಿದ್ದಾರೆ. ಉಳಿದವರು ಸುಮ್ಮನಿದ್ದಾರೆ. ಈ ಮೌನವೇ ಕೃತಿಯ ನಿಜವಾದ ಭಯಾನಕ ರಸವೆಂದು ನಮಗೆ ತೋರಿತು.

ಅಂಥದೊಂದು ಶಿಬಿರದಿಂದ ಪಾರಾಗಿ ಬಂದವನು ‘ವಿ’. 1605ರ ನವೆಂಬರ್ 5ರಂದು ಪಾರ್ಲಿಮೆಂಟಿನಡಿ ಸಿಡಿಮದ್ದಿನೊಡನೆ ಸಿಕ್ಕಿಬಿದ್ದ ಗೈ ಫಾಕ್ಸ್‌ನ ಮುಖವಾಡವನ್ನು ಅವನು ಧರಿಸುತ್ತಾನೆ. ಇಂದು ಲೋಕದ ನಾನಾ ಕಡೆ ಪ್ರತಿಭಟನೆಗಳಲ್ಲಿ ಕಾಣುವ ನಗೆಮೊಗದ ಮುಖವಾಡ ಇದೇ. ಹದಿನಾರರ ಈವಿ ಎಂಬ ಅನಾಥೆಯನ್ನು ಅವನು ಪೊಲೀಸರ ಕೈಯಿಂದ ಬಿಡಿಸಿ ತನ್ನ ನೆಲಮಾಳಿಗೆಗೆ ಕರೆತರುತ್ತಾನೆ. ಸರ್ಕಾರ ಅಳಿಸಿಹಾಕಿದ ಪುಸ್ತಕಗಳೂ ಸಂಗೀತವೂ ಅಲ್ಲಿ ಜೀವಂತವಾಗಿವೆ.

ಮುಂದೆ ತನ್ನನ್ನೇ ನಂಬಿದ ಈ ಹುಡುಗಿಗೆ ವಿ ಮಾಡುವ ಒಂದು ಕಾರ್ಯವಿದೆ. ಅದನ್ನಿಲ್ಲಿ ಬಯಲು ಮಾಡಲಾರೆವು. ಅವಳ ಬಿಡುಗಡೆಗಾಗಿಯೇ ಹಾಗೆ ಮಾಡಿದೆನೆಂಬುದು ಅವನ ವಾದ. ಈವಿಯೂ ಕೊನೆಗೆ ಒಪ್ಪುತ್ತಾಳೆ. ನಮಗೆ ಮಾತ್ರ ಒಪ್ಪಿಗೆಯಾಗಲಿಲ್ಲ, ಎರಡನೆಯ ಓದಿನಲ್ಲೂ ಆಗಲಿಲ್ಲ. ಒಬ್ಬರಿಗೆ ಸ್ವಾತಂತ್ರ್ಯವನ್ನು ಬಲವಂತದಿಂದ ಕೊಡಬಹುದೆ? ಮೂರ್ ತೀರ್ಪು ಹೇಳದೆ ನಮ್ಮೆದುರಿಗೆ ಇಟ್ಟುಬಿಡುತ್ತಾರೆ. 2006ರಲ್ಲಿ ಬಿಡುಗಡೆಯಾದ ಚಲನಚಿತ್ರ ವಿಯನ್ನು ಸರಳ ವೀರನನ್ನಾಗಿಸಿತು. ಮೂರ್ ಆ ಚಿತ್ರದಲ್ಲಿ ತಮ್ಮ ಹೆಸರು ಬೇಡವೆಂದರು. ಚಿತ್ರ ನೋಡಿದವರೂ ಪುಸ್ತಕವನ್ನು ಓದಲೇಬೇಕು.

ಓದು ಆರಂಭದಲ್ಲಿ ತುಸು ಕಷ್ಟ. ಗಾಢ ನೆರಳಿನ ಚಿತ್ರಗಳಲ್ಲಿ ಅಧಿಕಾರಿಗಳ ಮುಖಗಳು ಒಂದರಂತೆ ಒಂದು ಕಾಣುತ್ತವೆ. ಪಾತ್ರಗಳ ಮನದ ಮಾತನ್ನು ತೋರುವ ಗುಳ್ಳೆಗಳಾಗಲಿ, ಸದ್ದಿನ ಅಕ್ಷರಗಳಾಗಲಿ ಇಲ್ಲ; ಮುಖವನ್ನೇ ಓದಬೇಕು. ಹಿಂಸೆಯ ಪ್ರಸಂಗಗಳಿರುವುದರಿಂದ ಎಳೆಯರ ಕೈಗೆ ಕೊಡುವಂತಿಲ್ಲ. ಕಾಲೇಜು ಮೆಟ್ಟಿಲೇರಿದವರು ಓದಲಿ, ಹಿರಿಯರೂ ಜೊತೆಗೆ ಓದಲಿ.

ಅವಸರದಲ್ಲಿ ಓದುವವರು ಒಂದೆಡೆಯಾದರೂ ನಿಲ್ಲಬೇಕು. ಒಬ್ಬ ಮಹಿಳೆಯನ್ನು ಪ್ರೀತಿಸಿದ ಕಾರಣಕ್ಕೆ ಶಿಬಿರಕ್ಕೆ ತಳ್ಳಲ್ಪಟ್ಟ ವ್ಯಾಲರಿ ಎಂಬ ನಟಿ, ಶೌಚದ ಕಾಗದದ ಮೇಲೆ ಪೆನ್ಸಿಲಿನಿಂದ ತನ್ನ ಜೀವನವನ್ನು ಬರೆದಿಡುತ್ತಾಳೆ. ಯಾರು ಓದುವರೆಂದು ಅವಳಿಗೆ ತಿಳಿಯದು. ಕೆಲವೇ ಪುಟಗಳ ಆ ಪತ್ರವನ್ನು ಓದಿದ ರಾತ್ರಿ ನಾವು ಮುಂದಿನ ಪುಟ ತಿರುವಲಿಲ್ಲ.