ಪತ್ತೇದಾರಿಕೆಗೆ ಆಟಿಸಂ ಅಡ್ಡಿಯೇ?

ಆಟಿಸಂ ಇರುವವರಿಗೆ ಎದುರಿನವರ ಮುಖ ಓದಲು ಬಾರದು, ಹಾಗಾಗಿ ಪತ್ತೇದಾರಿಕೆ ಅವರಿಗೆ ಒಗ್ಗದು ಎನ್ನುವವರಿದ್ದಾರೆ. ಆದರೆ ಮುಖ ಓದುವುದರಲ್ಲಿ ಉಳಿದವರೇನೂ ನಿಸ್ಸೀಮರಲ್ಲ. ಸುಳ್ಳು ಗುರುತಿಸುವ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಮನೋವಿಜ್ಞಾನಿಗಳಾದ ಬಾಂಡ್ ಮತ್ತು ಡಿಪೌಲೊ ಲೆಕ್ಕ ಹಾಕಿದಾಗ ಸರಿಯಾದ ಊಹೆ ಶೇ 54 ಮಾತ್ರ. ನಾಣ್ಯ ಚಿಮ್ಮಿದರೂ ಐವತ್ತು ಸಿಗುತ್ತದೆ. ಅಲ್ಲದೆ, ತನಿಖೆಯ ಎಷ್ಟೋ ಕೆಲಸ ನಡೆಯುವುದು ಕಡತ, ಕರೆ ವಿವರ, ಸಿಸಿಟಿವಿ ದೃಶ್ಯಗಳ ಮುಂದೆ. ಗೋಜಲು ಚಿತ್ರದೊಳಗೆ ಅಡಗಿದ ಆಕಾರವನ್ನು ಆಟಿಸಂ ಇರುವ ಮಕ್ಕಳು ಹೆಚ್ಚು ಸರಿಯಾಗಿ ಹುಡುಕುತ್ತಾರೆಂದು ಮನೋವಿಜ್ಞಾನಿಗಳಾದ ಶಾ ಮತ್ತು ಫ್ರಿತ್ 1983ರಲ್ಲೇ ತೋರಿಸಿದ್ದರು. ಇಸ್ರೇಲ್ ಸೇನೆ ಆಟಿಸಂ ಇರುವ ಯುವಜನರನ್ನು ಉಪಗ್ರಹ ಚಿತ್ರಗಳ ವಿಶ್ಲೇಷಣೆಗೆ ಕೂರಿಸಿದೆ. ಹಾಗೆಂದು ಎಲ್ಲರೂ ಷರ್ಲಾಕ್ ಹೋಮ್ಸ್ ಅಲ್ಲ. ಹಲವರಿಗೆ ಠಾಣೆಯ ಗದ್ದಲವೇ ಹಿಂಸೆ. ಹಾಗಾಗಿ ಪೊಲೀಸ್ ಇಲಾಖೆ ಹುದ್ದೆಯ ಕೆಲಸವನ್ನೇ ಮಾಡಿಸಿ ನೋಡಿ ಆಯ್ಕೆ ಮಾಡಲಿ. ಸಂದರ್ಶನದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲವೆಂದು ಅಂಕ ಕಳೆಯುವುದು ಬೇಡ.