ಜನಿವಾರಕ್ಕೆ ಸಿಕ್ಕ ನ್ಯಾಯ ಶನಿವಾರಕ್ಕೆ ಯಾಕಿಲ್ಲ?

ಮಾನ್ಯ ಪ್ರಾಂಶುಪಾಲರಿಗೆ,

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮನಸ್ಸು ನಮಗಿರಲಿಲ್ಲ. ಎರಡು ಅರ್ಜಿ ಕೊಟ್ಟೆವು. ನಮ್ಮ ಪಾಸ್ಟರ್ ಒಂದು ಪತ್ರ ತಂದುಕೊಟ್ಟರು. ನಿಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಮೂರು ಮಧ್ಯಾಹ್ನ ಕೂತೆವು. ಇಷ್ಟೆಲ್ಲ ಆದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಹೆಸರಾಗಲಿ, ಕಾಲೇಜಿನ ಹೆಸರಾಗಲಿ ಹಾಕುವುದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.

ನಡೆದದ್ದು ನಿಮಗೂ ಗೊತ್ತು, ಊರಿಗೂ ಗೊತ್ತು. ನನ್ನ ಅಣ್ಣನ ಮಗಳು ನಿಮ್ಮಲ್ಲಿ ಬಿಎಸ್ಸಿ ಓದುತ್ತಾಳೆ. ನಾವು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವ ತನಕ ನಮಗೆ ಸಬ್ಬತ್. ಆ ಹೊತ್ತಿನಲ್ಲಿ ದುಡಿಮೆಯಿಲ್ಲ, ವ್ಯಾಪಾರವಿಲ್ಲ, ಪರೀಕ್ಷೆಯೂ ಇಲ್ಲ. ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ನೀವು ಮೂರು ಬ್ಯಾಚ್ ಮಾಡಿದ್ದಿರಿ: ಶುಕ್ರವಾರ, ಶನಿವಾರ, ಸೋಮವಾರ. ಅವಳ ಹೆಸರು ಶನಿವಾರದ ಪಟ್ಟಿಯಲ್ಲಿತ್ತು. ಸೋಮವಾರಕ್ಕೆ ಹಾಕಿರೆಂದು ಕೇಳಿಕೊಂಡೆವು. ಸೋಮವಾರದ ಬ್ಯಾಚಿನ ಗೆಳತಿಯೊಬ್ಬಳು ತಾನು ಶನಿವಾರ ಬರುತ್ತೇನೆಂದು ಸಹಿ ಮಾಡಿಕೊಟ್ಟ ಚೀಟಿಯೂ ಅರ್ಜಿಯ ಜತೆಗಿತ್ತು. ನೀವು ಮಾಡಬೇಕಾಗಿದ್ದದ್ದು ಎರಡು ಹೆಸರಿಗೆ ಗೆರೆ ಎಳೆದು ಅದಲು ಬದಲು ಬರೆಯುವುದು, ಅಷ್ಟೇ.

ನೀವು ಅರ್ಜಿ ಓದಿದಿರಿ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಾ ಇದ್ದೀನಲ್ರಿ, ಚಿಂತಿ ಮಾಡಬ್ಯಾಡ್ರಿ” ಎಂದಿರಿ. ನನ್ನಣ್ಣ ಔರಾದ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುವವನು. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಆ ಮಾತು ಕೇಳಿ ಅವನಿಗೆ ಎಷ್ಟು ಹಗುರಾಯಿತೆಂದರೆ, ಬಸ್ ಸ್ಟ್ಯಾಂಡಿನಲ್ಲಿ ನಮಗೆಲ್ಲ ಸುಸಲಾ, ಚಹಾ ಕೊಡಿಸಿ, “ದೊಡ್ಡ ಮನುಷ್ಯಾ, ಮಾತು ಕೊಟ್ಟಾನ” ಎಂದು ಎರಡು ಸಲ ಹೇಳಿದ.

ಶುಕ್ರವಾರ ಮಧ್ಯಾಹ್ನ ನೋಟಿಸ್ ಬೋರ್ಡಿನಲ್ಲಿ ಹೆಸರು ಇದ್ದಲ್ಲೇ ಇತ್ತು. ನೀವು ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತು. ಸೋಮವಾರ ಅವಳು ಖಾಕಿ ರಟ್ಟು ಹಾಕಿದ ಜರ್ನಲ್ ಎದೆಗವಚಿಕೊಂಡು ಲ್ಯಾಬಿಗೆ ಹೋದರೆ, ಹಾಜರಿ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ “ಎ.ಬಿ.”, ಅಂದರೆ ಗೈರುಹಾಜರು, ಎಂದು ಬರೆದಾಗಿತ್ತು. ನಿಮ್ಮನ್ನು ಕೇಳಿದರೆ “ನಾ ಹಂಗ ಅಂದೇ ಇಲ್ಲ” ಎಂದಿರಿ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. “ಬೀದರದಾಗ ಇಷ್ಟು ಮಂದಿ ಕ್ರಿಶ್ಚನ್‌ರು ಅದಾರ, ಎಲ್ಲಾರೂ ಐತಾರ ಚರ್ಚಿಗೆ ಹೋಗ್ತಾರ. ನಿಮ್ದೇನ್ರಿ ಹೊಸಾದು?” ಎಂದೂ ಸೇರಿಸಿದಿರಿ.

ಹೊಸದಲ್ಲ ಸರ್. ಬೀದರಿನ ಹೆಚ್ಚಿನ ಕ್ರೈಸ್ತರು ಮೆಥಡಿಸ್ಟರು, ಅವರಿಗೆ ಭಾನುವಾರ ಆರಾಧನೆ. ಅವರ ಮೇಲೆ ನಮಗೆ ಗೌರವವಿದೆ. ನಮ್ಮ ಸಭೆ ಸಂಘಟಿತವಾದದ್ದು 1863ರಲ್ಲಿ, ಅಮೆರಿಕದಲ್ಲಿ. ಭಾರತಕ್ಕೆ ಬಂದು ನೂರು ವರ್ಷ ಎಂದೋ ದಾಟಿತು. ಹೊಸದೇ ಆಗಿದ್ದರೂ ಏನು? ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುವಾಗ ನಂಬಿಕೆಯ ವಯಸ್ಸು ಕೇಳುವುದಿಲ್ಲ, ಅದನ್ನು ನಂಬುವವರ ತಲೆ ಎಣಿಸುವುದಿಲ್ಲ.

ವಾರದ ವಿಷಯಕ್ಕೆ ಬಂದರೆ, ನಿಜಾಮರ ಕಾಲದಲ್ಲಿ ಇದೇ ಬೀದರಿನ ಕಚೇರಿಗಳಿಗೆ ಶುಕ್ರವಾರ ರಜೆ ಇತ್ತು. ಆಮೇಲೆ ಭಾನುವಾರವಾಯಿತು. 2019ರಿಂದ ರಾಜ್ಯ ಸರಕಾರದ ಕಚೇರಿಗಳಿಗೆ ಎರಡನೆಯ ಶನಿವಾರದ ಜತೆ ನಾಲ್ಕನೆಯ ಶನಿವಾರವೂ ರಜೆ. ಸರಕಾರಕ್ಕೆ ಬೇಕಾದಾಗ ಶನಿವಾರ ಸರಾಗವಾಗಿ ಬಿಡುವಾಗುತ್ತದೆ, ಬಡವರ ಮಗಳು ಕೇಳಿದರೆ ಮಾತ್ರ ನಿಯಮ ಅಡ್ಡ ಬರುತ್ತದೆ. ನಿಮ್ಮ ಮನೆತನದಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ ಎಂದು ನಂಬಿದ್ದೇನೆ. ಎಷ್ಟೇ ಹದ ಬಿದ್ದಿರಲಿ, ಬಿತ್ತನೆ ತಡವಾಗಲಿ, ಸೋಮವಾರ ಬಸವಣ್ಣನಿಗೆ ಬಿಡುವು. ನಮ್ಮ ಸಬ್ಬತ್ತಿನ ಆಜ್ಞೆಯಲ್ಲೂ ಮಗ, ಮಗಳು, ಆಳಿನ ಜತೆ ದನಕರುಗಳ ಹೆಸರಿದೆ. ಎತ್ತಿನ ವಾರ ಅರ್ಥವಾಗುವ ಊರಿನಲ್ಲಿ ಹುಡುಗಿಯ ವಾರ ಯಾಕೆ ಅರ್ಥವಾಗುವುದಿಲ್ಲ?

ನಮ್ಮ ಪಾಸ್ಟರ್ ತಂದ ಪತ್ರವನ್ನು ನೀವು “ಶಿಫಾರಸು” ಎಂದು ಪಕ್ಕಕ್ಕೆ ಸರಿಸಿದಿರಿ. ಅದು ಶಿಫಾರಸಲ್ಲ. ಧಾರ್ಮಿಕ ಸ್ವಾತಂತ್ರ್ಯದ ಕೆಲಸಕ್ಕೆಂದೇ ನಮ್ಮ ಸಭೆಯಲ್ಲಿ ಪ್ರತ್ಯೇಕ ವಿಭಾಗವಿದೆ. ಇವಳು ನಿಜವಾಗಿಯೂ ಸಬ್ಬತ್ ಆಚರಿಸುವವಳು, ಪರೀಕ್ಷೆ ತಪ್ಪಿಸಲು ನೆಪ ಹೇಳುತ್ತಿಲ್ಲ ಎಂದು ದೃಢೀಕರಿಸುವುದು ಆ ಪತ್ರದ ಕೆಲಸ. ಅದರಲ್ಲಿ ವಿನಾಯಿತಿ ಬೇಡಿರಲಿಲ್ಲ, ಕೃಪಾಂಕ ಬೇಡಿರಲಿಲ್ಲ. ಬ್ಯಾಚ್ ಬದಲಿಸಲು ಆಗದಿದ್ದರೆ ಹುಡುಗಿಯನ್ನು ಶನಿವಾರ ಬೆಳಗಿನಿಂದ ನಿಮ್ಮ ಕಣ್ಣೆದುರೇ, ಫೋನಿಲ್ಲದೆ ಒಂದು ಕೋಣೆಯಲ್ಲಿ ಕೂರಿಸಿ, ಹೊತ್ತು ಮುಳುಗಿದ ಮೇಲೆ ಪರೀಕ್ಷೆ ತೆಗೆದುಕೊಳ್ಳಿ, ಜತೆಗೆ ನಮ್ಮವರೊಬ್ಬರು ಕಾಯುತ್ತಾರೆ ಎಂದಿತ್ತು. ನೀವು ಎರಡನೆಯ ಪುಟ ತಿರುವಲೇ ಇಲ್ಲ.

ಧಾರ್ಮಿಕ ಸ್ವಾತಂತ್ರ್ಯದ ಈ ಕೆಲಸವನ್ನು ಸಭೆ ಕಲಿತದ್ದು ತಾನು ಪೆಟ್ಟು ತಿಂದು. ಭಾನುವಾರ ಹೊಲದಲ್ಲಿ ದುಡಿದರೆಂದು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕೆಲವು ರಾಜ್ಯಗಳು ನಮ್ಮವರನ್ನು ಜೈಲಿಗೆ ಹಾಕಿದವು. 1893ರಲ್ಲಿ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿತು. 1963ರಲ್ಲಿ, ಶನಿವಾರ ಗಿರಣಿಗೆ ಬರಲೊಲ್ಲೆ ಎಂದು ಕೆಲಸ ಕಳೆದುಕೊಂಡ ಆಡೆಲ್ ಶರ್ಬರ್ಟ್ ಎಂಬ ನಮ್ಮ ಸಭೆಯ ಹೆಣ್ಣುಮಗಳ ಪರವಾಗಿ ಆ ದೇಶದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2024ರಲ್ಲಿ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟು, ಕಾನೂನು ಕಾಲೇಜಿನ ಶನಿವಾರದ ಸಂದರ್ಶನದ ಹೊತ್ತು ಬದಲಿಸಿಕೊಡದ ವಿಶ್ವವಿದ್ಯಾಲಯದ್ದೇ ತಪ್ಪು ಎಂದಿತು. ಅದೂ ನಮ್ಮ ಸಭೆಯ ವಿದ್ಯಾರ್ಥಿಯ ಪ್ರಕರಣವೇ.

ದೂರದ ಮಾತು ಬೇಡವೆನ್ನುತ್ತೀರಾ? 1986ರಲ್ಲಿ ನಮ್ಮದೇ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಕೇರಳದ ಮೂವರು ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿತು. ಅವರು ಯೆಹೋವನ ಸಾಕ್ಷಿಗಳ ಪಂಗಡದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ನಮಗೆ ಸರಿ ಕಾಣುತ್ತದೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಅವರು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದೇ ಪ್ರಶ್ನೆ ಎಂದಿತು ನ್ಯಾಯಾಲಯ. ರಾಷ್ಟ್ರಗೀತೆಯ ವಿಷಯದಲ್ಲೇ ದೇಶ ಅಷ್ಟು ದೊಡ್ಡ ಮನಸ್ಸು ಮಾಡಿದೆ. ನಿಮ್ಮದು ಒಂದು ಬ್ಯುರೆಟ್, ಒಂದು ಪಿಪೆಟ್, ಮೂರು ತಾಸಿನ ಪರೀಕ್ಷೆ.

ಇನ್ನೂ ಹತ್ತಿರ ಬರೋಣ, ನಮ್ಮೂರಿಗೇ. 2025ರ ಏಪ್ರಿಲ್ 17, ಸಿಇಟಿ ಗಣಿತ ಪರೀಕ್ಷೆ. ಬೀದರಿನ ಕೇಂದ್ರವೊಂದರಲ್ಲಿ ಹುಡುಗನೊಬ್ಬನಿಗೆ ಜನಿವಾರ ತೆಗೆದರೆ ಮಾತ್ರ ಒಳಗೆ ಎಂದರು. ಅವನು ತೆಗೆಯಲಿಲ್ಲ, ಪರೀಕ್ಷೆ ಬರೆಯದೆ ಮನೆಗೆ ಹೋದ. ಮರುದಿನ ಶುಭ ಶುಕ್ರವಾರ. ನಮ್ಮ ಕೂಟದಲ್ಲಿ ಆ ಹುಡುಗನಿಗಾಗಿಯೂ ಪ್ರಾರ್ಥಿಸಿದೆವು, ಯಾಕೆಂದರೆ ಆ ಬಾಗಿಲು ನಮಗೆ ಚೆನ್ನಾಗಿ ಗೊತ್ತು. ರಾಜ್ಯವೇ ಎದ್ದು ನಿಂತಿತು. ಸಿಬ್ಬಂದಿಯ ಮೇಲೆ ಕ್ರಮವಾಯಿತು. ಮರುಪರೀಕ್ಷೆ ಬರೆ, ಇಲ್ಲವೇ ಉಳಿದ ವಿಷಯಗಳ ಆಧಾರದ ಮೇಲೆ ಅಂಕ ತಗೋ ಎಂದಿತು ಸರಕಾರ. ಉಸ್ತುವಾರಿ ಸಚಿವ ಈಶ್ವರ ಖಂಡ್ರೆಯವರು ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಚಿತ ಸೀಟಿನ ಮಾತಾಡಿದರು. ಆದದ್ದು ಒಳ್ಳೆಯದೇ, ಆಗಬೇಕಾದದ್ದೇ. ಜನಿವಾರಕ್ಕೆ ಒಂದು ವಾರದೊಳಗೆ ಸಿಕ್ಕ ನ್ಯಾಯ ಶನಿವಾರಕ್ಕೆ ಯಾಕಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ. ನಮ್ಮ ಹಿಂದೆ ಟಿವಿ ಕ್ಯಾಮೆರಾ ಇಲ್ಲ, ಓಟಿನ ಗಂಟಿಲ್ಲ ಎಂದೇ?

ನೀವು ರಾಜ್ಯೋತ್ಸವದ ದಿನ ಒಳ್ಳೆಯ ಭಾಷಣ ಮಾಡುತ್ತೀರಿ, ಕೇಳಿದ್ದೇನೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಎದೆಯುಬ್ಬಿಸಿ ಹೇಳಿದಿರಿ. ನಿಯಮ ಮಾಡಿದವನಿಗಿಂತ ಮನಸ್ಸಾಕ್ಷಿ ದೊಡ್ಡದೆಂದು ಅವರು ಬದುಕಿ ತೋರಿಸಿದರು. ನಿಮ್ಮದರಲ್ಲಿ ಉಲ್ಟಾ. ಹೊರಗಿನ ಫಲಕದಲ್ಲಿ ಸರ್ವಧರ್ಮ ಸಮಭಾವ, ಒಳಗಿನ ಹಾಜರಿ ಹಾಳೆಯಲ್ಲಿ ಕೆಂಪು ಶಾಯಿ.

ಇದು ನಮ್ಮೊಬ್ಬರ ಗೋಳಲ್ಲ. ಶುಕ್ರವಾರದ ನಮಾಜಿನ ಹೊತ್ತಿಗೆ ಒಳಪರೀಕ್ಷೆ ಇಡುತ್ತೀರಿ. ಉಪವಾಸವಿದ್ದ ಹುಡುಗಿಯರನ್ನು ಮೈದಾನದಲ್ಲಿ ಓಡಿಸುತ್ತೀರಿ. ಕೇಳಿದರೆ “ಎಲ್ಲಾರಿಗೂ ಒಂದೇ ರೂಲು” ಎನ್ನುತ್ತೀರಿ. ಗುರುನಾನಕ್ ಝರಾದ ಮೆಟ್ಟಿಲೇರಿ ನೋಡಿ. ಸಿಖ್ಖರ ಸೊಂಟದ ಕೃಪಾಣವನ್ನು ಅದೇ 25ನೇ ವಿಧಿಯೇ ಹೆಸರು ಹಿಡಿದು ಕಾಪಾಡಿದೆ. ಸಂವಿಧಾನ ಬರೆದವರಿಗೆ ಒಂದೇ ರೂಲು ಸಾಲದೆಂದು ತಿಳಿದಿತ್ತು, ನಿಮಗೆ ತಿಳಿಯಲಿಲ್ಲ. ಎಲ್ಲ ಕಾಲೇಜುಗಳಿಗೂ ಅನ್ವಯಿಸುವಂತೆ ಉನ್ನತ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಮುಂಚಿತವಾಗಿ ಬರೆದು ಕೇಳಿದವರಿಗೆ ಬ್ಯಾಚ್ ಬದಲಿಸಿಕೊಡಿ, ಆಗದಿದ್ದರೆ ಕಾರಣ ಬರೆದುಕೊಡಿ. ಬಾಯಿಮಾತು ನಮಗೆ ಸಾಕಾಗಿದೆ.

ಶನಿವಾರ ಊರಿಗೇ ರಜೆ ಕೊಡಿ ಎಂದು ನಾವು ಎಂದೂ ಕೇಳಿಲ್ಲ. ನೀವು ಮೊದಲೇ “ಆಗಲ್ಲ” ಎಂದಿದ್ದರೆ ನಮ್ಮ ಸಭೆ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗುತ್ತಿತ್ತು, ಅದಕ್ಕೆ ಎರಡು ವಾರ ಸಮಯವಿತ್ತು. “ನಾ ಇದ್ದೀನಲ್ರಿ” ಎಂಬ ನಿಮ್ಮ ಮಾತು ನಂಬಿ ಆ ಎರಡು ವಾರ ಸುಮ್ಮನೆ ಕೂತೆವು. ನಷ್ಟವಾದದ್ದು ಅಲ್ಲಿ. ನೀವು ಬ್ಯಾಚ್ ಬದಲಿಸದಿದ್ದುದನ್ನು ಕ್ಷಮಿಸಬಹುದು. ರುಮಾಲು ಕೈಯಲ್ಲಿ ಹಿಡಿದು ನಿಂತವನಿಗೆ ಕೊಟ್ಟ ಮಾತನ್ನು ಕೊಟ್ಟೇ ಇಲ್ಲವೆಂದದ್ದನ್ನು ಹೇಗೆ ಕ್ಷಮಿಸಬೇಕು, ನೀವೇ ಹೇಳಿ.

ಮುಂದಿನ ತಿಂಗಳು ಮರುಪರೀಕ್ಷೆ. ಈ ಸಲವೂ ಮೂರು ಬ್ಯಾಚ್, ಶನಿವಾರ ಒಂದೇ. ಪಟ್ಟಿ ಇನ್ನೂ ಹಚ್ಚಿಲ್ಲ. ಪೆನ್ನು ನಿಮ್ಮ ಕೈಯಲ್ಲಿದೆ.

ಇಂತಿ,
ನಿಮ್ಮ ವಿದ್ಯಾರ್ಥಿನಿಯ ಕಾಕಾ,
ಬೀದರ್